ಕೆರೆಗೆ ಹೊರಡುವ ಮುಂಚೆ: ಒಂಬತ್ತನೇ ತರಗತಿ ಮಕ್ಕಳನ್ನು ಅಂಕದ ಕ್ಷೇತ್ರಕಾರ್ಯಕ್ಕೆ ಸಿದ್ಧ ಮಾಡುವುದು

ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂಬತ್ತನೇ ತರಗತಿ ಮಕ್ಕಳನ್ನು ಊರಿನ ಕೆರೆಗೆ ಕರೆದುಕೊಂಡು ಹೋಗುತ್ತೇನೆ. ನೋಡಿಕೊಂಡು ಬರುವುದಕ್ಕಲ್ಲ, ಅಳೆದುಕೊಂಡು ಬರುವುದಕ್ಕೆ. ಈ ಕೆಲಸಕ್ಕೆ 15 ಅಂಕ ಇಟ್ಟಿದ್ದೇನೆ. ಮುಂದಿನ ವರ್ಷ ಇದೇ ಮಕ್ಕಳು ಎಸ್ಸೆಸ್ಸೆಲ್ಸಿಗೆ ಹೋದಾಗ 100ರಲ್ಲಿ 20 ಅಂಕ ಶಾಲೆಯಲ್ಲೇ ಸಿಗುವಂಥದ್ದು. ಆ ಅಂಕವನ್ನು ಯಾರೋ ಹಾಕಿಕೊಟ್ಟದ್ದು ಅಂತ ಅನ್ನಿಸಬಾರದು, ತಾವೇ ದುಡಿದದ್ದು ಅಂತ ಅನ್ನಿಸಬೇಕು.

ಮೊದಲ ವರ್ಷ ಹಾಗೆ ಆಗಲಿಲ್ಲ. 58 ಮಕ್ಕಳು ಬೆಳಿಗ್ಗೆ ಹೊರಟೆವು. ಏರಿ, ಅಂದರೆ ಕೆರೆಯ ಕಟ್ಟೆ ಮೇಲೆ ನಡೆದೆವು, ಫೋಟೋ ತೆಗೆದೆವು, ಹೊಂಗೆ ಮರದ ಕೆಳಗೆ ಚಿತ್ರಾನ್ನ ತಿಂದೆವು, ವಾಪಸ್ ಬಂದೆವು. ಒಂದು ವಾರ ಬಿಟ್ಟು 58 ವರದಿಗಳು ನನ್ನ ಮೇಜಿನ ಮೇಲೆ ಬಂದವು. ಎಲ್ಲದರ ಮೊದಲ ಸಾಲು ಒಂದೇ: ‘ಕೋಲಾರ ಜಿಲ್ಲೆಯು ಬರಪೀಡಿತ ಜಿಲ್ಲೆಯಾಗಿದೆ.’ ಮಳೆಯ ಲೆಕ್ಕ ಮೊಬೈಲಿನಿಂದ, ಕೆರೆಯ ಮಹತ್ವ ಗೈಡಿನಿಂದ. ನಾವು ಹೋಗಿ ಬಂದ ಕೆರೆ ಯಾವ ವರದಿಯಲ್ಲೂ ಇರಲಿಲ್ಲ. ಅದರ ನೀರನ್ನು ಹೊಲಕ್ಕೆ ಬಿಡುವ ತೂಬಿನ ಬಾಯಿ ಮುಚ್ಚಿಹೋಗಿತ್ತು. ಅದನ್ನು ಎಲ್ಲರೂ ನೋಡಿದ್ದರು. ಒಬ್ಬರೂ ಬರೆದಿರಲಿಲ್ಲ.

ಅದು ಮಕ್ಕಳ ತಪ್ಪಲ್ಲ. ಏನು ನೋಡಬೇಕು ಅಂತ ನಾನು ಹೇಳಿರಲಿಲ್ಲ. ಹೇಗೆ ಅಳೆಯಬೇಕು ಅಂತ ಕಲಿಸಿರಲಿಲ್ಲ. ಈಗ ಕೆರೆಯ ಹತ್ತಿರ ಇರುವುದು ಮೂರೂವರೆ ಗಂಟೆ ಮಾತ್ರ, ಅದಕ್ಕೆ ತಯಾರಿ ಮೂರು ವಾರ. ಆ ಮೂರು ವಾರದಲ್ಲಿ ನಾನು ಏನೇನು ಮಾಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಶಾಲೆಯ ಟೀಚರುಗಳಿಗೆ, ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬಂದರೆ ಸಂತೋಷ.

ಮೊದಲು ಪ್ರಶ್ನೆ

‘ನಮ್ಮೂರ ಕೆರೆಯ ಅಧ್ಯಯನ’ ಅನ್ನುವುದು ಪ್ರಶ್ನೆಯಲ್ಲ. ಅದನ್ನು ಹಿಡಿದುಕೊಂಡು ಹೋದ ಮಗು ಕೆರೆ ಮುಂದೆ ನಿಂತು ಏನು ಮಾಡಬೇಕು ಗೊತ್ತಾಗದೆ ಫೋಟೋ ತೆಗೆಯುತ್ತದೆ. ಹಾಗಾಗಿ ಮೊದಲ ವಾರ ಪೂರ್ತಿ ಪ್ರಶ್ನೆ ಹುಡುಕುವ ಕೆಲಸ.

ಮಕ್ಕಳನ್ನು ಆರಾರು ಜನರ ಗುಂಪು ಮಾಡುತ್ತೇನೆ. ಪ್ರತಿ ಗುಂಪೂ ಐದು ಪ್ರಶ್ನೆ ಬರೆದು ತರಬೇಕು. ‘ಕೋಲಾರದಲ್ಲಿ ನೀರು ಯಾಕಿಲ್ಲ?’ ಅಂತ ಒಂದು ಗುಂಪಾದರೂ ಬರೆದೇ ಬರೆಯುತ್ತದೆ. ತುಂಬಾ ಒಳ್ಳೆಯ ಪ್ರಶ್ನೆ, ಆದರೆ ಒಂದು ಬೆಳಿಗ್ಗೆಯಲ್ಲಿ ಉತ್ತರ ಸಿಗುವಂಥದ್ದಲ್ಲ. ಆಗ ಬೋರ್ಡಿನ ಮೇಲೆ ಎಲ್ಲ ಪ್ರಶ್ನೆಗಳನ್ನೂ ಬರೆದು ಒಂದೊಂದನ್ನೇ ಕೇಳುತ್ತೇನೆ: ಇದಕ್ಕೆ ನಿಮ್ಮ ಕಾಲಲ್ಲಿ ನಡೆದು, ಕೈಯಲ್ಲಿ ಅಳೆದು ಉತ್ತರ ತರಬಹುದಾ? ಉತ್ತರ ಹೌದು ಅಂತಲೂ ಬರಬಹುದಾ, ಇಲ್ಲ ಅಂತಲೂ ಬರಬಹುದಾ? ಈ ಎರಡನೆಯದು ಬಹಳ ಮುಖ್ಯ. ‘ಕೆರೆಯಿಂದ ಜನರಿಗೆ ಉಪಯೋಗ ಇದೆಯೇ?’ ಅಂತ ಕೇಳಿದರೆ ಉತ್ತರ ಮನೆಯಲ್ಲೇ ಗೊತ್ತಿದೆ, ಹೋಗುವ ಅಗತ್ಯವೇ ಇಲ್ಲ.

ಹೀಗೆ ಸೋಸಿ ಸೋಸಿ ಉಳಿದ ಪ್ರಶ್ನೆಗಳು ನೋಡಿ ಎಷ್ಟು ಸಣ್ಣವು. ನೀಲಗಿರಿ ತೋಪಿನ ನೆಲ, ಉತ್ತ ಹೊಲ, ಕೆರೆ ಅಂಗಳದ ಹೂಳು, ಈ ಮೂರರಲ್ಲಿ ನೀರನ್ನು ಬೇಗ ಕುಡಿಯುವುದು ಯಾವುದು? ಕೆರೆಗೆ ಹತ್ತಿರದ ಬೋರ್‌ವೆಲ್‌ಗಳ ಆಳ ದೂರದವಕ್ಕಿಂತ ಕಡಿಮೆಯೇ? ಏರಿಯ ಒಳಮೈ ಜಾಸ್ತಿ ಇಳಿಜಾರೋ, ಹೊರಮೈಯೋ? ಮಳೆನೀರು ತರುವ ರಾಜಕಾಲುವೆ ಕೆರೆ ಸೇರುವ ತನಕ ಎಲ್ಲೆಲ್ಲಿ ಕಿರಿದಾಗಿದೆ? ಒಂದು ಗುಂಪಿಗೆ ಒಂದೇ ಪ್ರಶ್ನೆ. ಎರಡು ಬೇಡ.

ಪ್ರಶ್ನೆ ಸಿಕ್ಕ ಮೇಲೆ ಊಹೆ ಬರೆಯಬೇಕು, ಯಾಕೆ ಹಾಗನ್ನಿಸುತ್ತದೆ ಅಂತ ಕಾರಣದ ಜೊತೆಗೆ. ಊಹೆ ತಪ್ಪಾದರೆ ಅಂಕ ಹೋಗುವುದಿಲ್ಲ ಅಂತ ಅಲ್ಲೇ ಖಂಡಿತವಾಗಿ ಹೇಳಿಬಿಡಿ. ಇಲ್ಲದಿದ್ದರೆ ಮಕ್ಕಳು ಊಹೆಗೆ ತಕ್ಕ ಹಾಗೆ ಅಳತೆಯನ್ನು ತಿದ್ದುತ್ತಾರೆ. ಅವರಿಗೆ ಮೋಸ ಮಾಡುವ ಮನಸ್ಸಿರುವುದಿಲ್ಲ. ಸರಿ ಉತ್ತರ ಬರೆದರೇನೇ ಒಳ್ಳೆಯ ಹುಡುಗಿ, ಒಳ್ಳೆಯ ಹುಡುಗ ಅಂತ ನಾವೇ ಅವರಿಗೆ ಒಂದನೇ ಕ್ಲಾಸಿನಿಂದ ಹೇಳಿಕೊಟ್ಟಿದ್ದೇವೆ ಅಲ್ವಾ?

ಹಿನ್ನೆಲೆ ಪಾಠ ಒಂದು ಪೀರಿಯಡ್ ಸಾಕು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಇದೆ, ಆದರೆ ಮಳೆ ಜೋರಾದ ವರ್ಷವಷ್ಟೇ ಅದರಲ್ಲಿ ನೀರು ಕಾಣುತ್ತದೆ. ವರ್ಷದ ಮಳೆ ಸುಮಾರು 700ರಿಂದ 750 ಮಿಲಿಮೀಟರ್, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಜಾಸ್ತಿ. ಕೆಳಗೆ ಗಟ್ಟಿ ಬಂಡೆ, ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಅದಕ್ಕೇ ಹಿರಿಯರು ಬಿದ್ದ ಮಳೆಯನ್ನು ಹಿಡಿಯಲು ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಹೋದರೆ, ಅಂದರೆ ತುಂಬಿ ಹೆಚ್ಚಿನ ನೀರು ಹೊರಗೆ ಹರಿದರೆ, ಆ ನೀರು ಕೆಳಗಿನ ಕೆರೆಗೆ. ಇಷ್ಟು ತಿಳಿದರೆ ಹೊರಡಬಹುದು. ಮಿಕ್ಕದ್ದು ಬಂದ ಮೇಲೆ ಓದಿದರೆ ಅವರಿಗೇ ಅರ್ಥವಾಗುತ್ತದೆ.

ಒಂದು ಪೀರಿಯಡ್ ನಕ್ಷೆಗೂ ಕೊಡಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಹಾಳೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಕೋಲಾರದ ಕಡೆಯ ಹಾಳೆಗಳು ಹಳೆಯ ಸಂಖ್ಯೆಯಲ್ಲಿ 57 ಕೆ ಗುಂಪಿನವು. ನೀಲಿ ನೀರು, ಕಂದು ಗೆರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆ, ಹಳದಿ ಬೇಸಾಯದ ನೆಲ. ಮಕ್ಕಳಿಗೆ ಬೆರಳಿಟ್ಟು ನಮ್ಮ ಕೆರೆಯಿಂದ ಕಾಲುವೆ ಹಿಡಿದು ಮೇಲಕ್ಕೆ ಹೋಗಲು ಹೇಳುತ್ತೇನೆ. ಎರಡು ಕೆರೆ ದಾಟಿ ಗುಡ್ಡದ ಬುಡಕ್ಕೆ ಬೆರಳು ಬಂದು ನಿಂತಾಗ ತರಗತಿಯಲ್ಲಿ ಒಂದು ಕ್ಷಣ ಮಾತು ನಿಲ್ಲುತ್ತದೆ. ಆಮೇಲೆ ಹಾಳೆಯಿಂದ ಕೆರೆಯ ಸುತ್ತಲಿನ ಭಾಗವನ್ನಷ್ಟೇ ಟ್ರೇಸ್ ಮಾಡಿ, ದೊಡ್ಡದು ಮಾಡಿ, ಜೆರಾಕ್ಸ್ ತೆಗೆದು ಗುಂಪಿಗೆ ಎರಡು ಪ್ರತಿ ಕೊಡಿ. ಹೊಲದಲ್ಲಿ ನಿಂತು ಹೊಸದಾಗಿ ನಕ್ಷೆ ಬರೆಯುವುದು ಈ ವಯಸ್ಸಿಗೆ ಕಷ್ಟ. ಇರುವ ನಕ್ಷೆಯ ಮೇಲೆ ಗುರುತು ಹಾಕುವುದು ಆಗುತ್ತದೆ.

ಕೈ ಪಳಗಬೇಕು

ಎರಡನೇ ವಾರ ಆಟದ ಮೈದಾನದಲ್ಲಿ. ಕೆರೆ ಹತ್ತಿರ ಹೋಗಿ ಮೊದಲ ಸಲ ಉಪಕರಣ ಹಿಡಿದರೆ ಅರ್ಧ ಹೊತ್ತು ಅದರಲ್ಲೇ ಕಳೆಯುತ್ತದೆ.

ಮೊದಲ ಉಪಕರಣ ಹೆಜ್ಜೆ. ಮೈದಾನದಲ್ಲಿ ಟೇಪು ಹಿಡಿದು 50 ಮೀಟರ್ ಗುರುತು ಮಾಡಿ. ಪ್ರತಿ ಮಗುವೂ ಮೂರು ಸಲ ಸಹಜವಾಗಿ ನಡೆದು ಹೆಜ್ಜೆ ಎಣಿಸಲಿ, ಮೂರರ ಸರಾಸರಿ ತೆಗೆಯಲಿ. 78 ಹೆಜ್ಜೆ ಬಂದರೆ ಒಂದು ಹೆಜ್ಜೆ 64 ಸೆಂಟಿಮೀಟರ್. ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ. ಏರಿಯ ಮೇಲೆ ಅದೇ ಮಗು 620 ಹೆಜ್ಜೆ ನಡೆದರೆ ಏರಿಯ ಉದ್ದ ಸುಮಾರು 397 ಮೀಟರ್. ಅದನ್ನು ನಕ್ಷೆಯ ಮೇಲೆ ಹೋಲಿಸಿ ನೋಡಬಹುದು, 1:50,000ರಲ್ಲಿ 8 ಮಿಲಿಮೀಟರ್ ಇರಬೇಕು. ತನ್ನ ಹೆಜ್ಜೆಯೂ ಸರ್ಕಾರದ ನಕ್ಷೆಯೂ ಹೊಂದಿಕೊಂಡಾಗ ಮಗುವಿಗೆ ಆಗುವ ಖುಷಿಯೇ ಬೇರೆ.

ಎರಡನೆಯದು ಇಳಿಜಾರು ಅಳೆಯುವುದು. ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ, ಅದರ ನೇರ ಅಂಚಿಗೆ ಅಂಟಿಸಿದ ಒಂದು ಸ್ಟ್ರಾ, ಮಧ್ಯದ ತೂತಿನಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಒಂದು ನಟ್ಟು. ಸಮ ನೆಲದಲ್ಲಿ ದಾರ 90ರ ಮೇಲೆ ನಿಲ್ಲುತ್ತದೆ. 85ಕ್ಕೆ ಸರಿದರೆ ಇಳಿಜಾರು 5 ಡಿಗ್ರಿ. ಒಂದೇ ಎತ್ತರದ ಇಬ್ಬರನ್ನು ಜೋಡಿ ಮಾಡಿ. ಮೇಲೆ ನಿಂತವಳ ಕಣ್ಣನ್ನು ಕೆಳಗೆ ನಿಂತವಳು ಸ್ಟ್ರಾದಲ್ಲಿ ನೋಡಬೇಕು, ಮೂರನೆಯವಳು ದಾರ ಓದಬೇಕು. ಎತ್ತರ ಬೇರೆ ಇದ್ದರೆ ಲೆಕ್ಕ ಕೆಡುತ್ತದೆ. ಇದನ್ನು ಶಾಲೆಯ ರ‍್ಯಾಂಪಿನ ಮೇಲೆ ಅಭ್ಯಾಸ ಮಾಡಿಸಿ. ಗಾಲಿಕುರ್ಚಿಗೆ ಕಟ್ಟುವ ರ‍್ಯಾಂಪು 12 ಅಡಿ ಹೋದರೆ 1 ಅಡಿಗಿಂತ ಜಾಸ್ತಿ ಏರಬಾರದು ಅಂತ ನಿಯಮ, ಅಂದರೆ ಹೆಚ್ಚುಕಡಿಮೆ 5 ಡಿಗ್ರಿ. ನಮ್ಮ ಶಾಲೆಯ ರ‍್ಯಾಂಪು ಅದಕ್ಕಿಂತ ಕಡಿದಾಗಿದೆ ಅಂತ ಮಕ್ಕಳೇ ಕಂಡುಹಿಡಿದರು. ಮೂರು ಗುಂಪು ಬೇರೆ ಬೇರೆ ಅಳೆದರೂ ಅದೇ ಬಂತು.

ಮೂರನೆಯದು ನನಗೆ ತುಂಬಾ ಇಷ್ಟದ ಕೆಲಸ, ನೆಲ ಎಷ್ಟು ಬೇಗ ನೀರು ಕುಡಿಯುತ್ತದೆ ಅಂತ ನೋಡುವುದು. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು ಒಂದು ಗೇಣುದ್ದ ಬೇಕು. ನಮ್ಮ ಕಡೆ ಯಾವ ತೋಟಕ್ಕೆ ಹೋದರೂ ಇಂಥ ತುಂಡು ಬಿದ್ದಿರುತ್ತದೆ. ಅದನ್ನು ನೆಲದ ಮೇಲಿಟ್ಟು, ಮೇಲೊಂದು ಹಲಗೆ ಇಟ್ಟು, ಕಲ್ಲಿನಿಂದ ಮೆಲ್ಲಗೆ ಬಡಿದು ಮೂರು ಬೆರಳು ಆಳಕ್ಕೆ ಇಳಿಸಬೇಕು. ಪೈಪಿನ ಅಂಚಿನಲ್ಲಿ ಸಂದಿ ಉಳಿದರೆ ನೀರು ಪಕ್ಕದಿಂದ ಹೋಗಿಬಿಡುತ್ತದೆ, ಆದ್ದರಿಂದ ಹೊರಗಡೆ ಮಣ್ಣನ್ನು ಒತ್ತಿ. ಒಳಗೆ ಸಣ್ಣ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ನೀರು ಸುರಿದು, ಆಮೇಲೆ ಹಾಳೆ ಎಳೆದುಬಿಡಿ. ನೇರ ಸುರಿದರೆ ಮಣ್ಣು ಕದಡುತ್ತದೆ. 10 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಲು ಒಂದು ಲೀಟರ್ ಬಾಟಲಿ ಸಾಕು. ಒಳಗೆ ಸ್ಕೇಲು ನಿಲ್ಲಿಸಿ, ಒಬ್ಬರು ಗಡಿಯಾರ ನೋಡಿ ‘ಹ್ಞಾಂ’ ಅಂದ ಕೂಡಲೇ ಇನ್ನೊಬ್ಬರು ಓದಬೇಕು, ಮತ್ತೊಬ್ಬರು ಬರೆಯಬೇಕು. ನಿಮಿಷಕ್ಕೊಂದರಂತೆ ಹತ್ತು ನಿಮಿಷ.

ಒಂದು ಜಾಗದಲ್ಲಿ ಮೂರು ಸಲ ಮಾಡಿಸಿ, ಪ್ರತಿ ಸಲ ಎರಡು ಹೆಜ್ಜೆ ಪಕ್ಕಕ್ಕೆ ಸರಿದು. ಒಂದು ಸಲ ಇರುವೆ ಗೂಡಿನ ಮೇಲೆ ಇಟ್ಟುಬಿಟ್ಟರೆ ನೀರೆಲ್ಲ ಒಂದೇ ಉಸಿರಿಗೆ ಇಳಿದುಹೋಗುತ್ತದೆ. ಮೂರು ಜಾಗಕ್ಕೆ ಮೂರು ಸಲ ಅಂದರೆ ಒಂಬತ್ತು ಬಾಟಲಿ ನೀರು. ಅದನ್ನು ಹೊತ್ತುಕೊಂಡು ಹೋಗುವವರು ಯಾರು, ಯಾರ ಸೈಕಲ್ಲಿನಲ್ಲಿ, ಅಂತ ಹಿಂದಿನ ದಿನವೇ ತೀರ್ಮಾನ ಆಗಿರಬೇಕು.

ಮೂರು ಕಾಲಂ, ರಬ್ಬರ್ ಇಲ್ಲ

ನನ್ನ ಇಡೀ ತಯಾರಿ ನಿಂತಿರುವುದು ಒಂದು ನೋಟ್‌ಬುಕ್ಕಿನ ಮೇಲೆ. ಅದರ ಪ್ರತಿ ಪುಟದಲ್ಲೂ ಮೂರು ಕಾಲಂ: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಅಳಿಸುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ, ಮನೆಗೆ ಹೋಗಿ ಚೆನ್ನಾಗಿ ಬರೆದುಕೊಂಡು ಬರುವ ಹಾಗಿಲ್ಲ. ಕೆಸರು ಮೆತ್ತಿದ ಪುಟವೇ ನನಗೆ ಬೇಕು.

ಕಾಲಂ ತುಂಬುವುದನ್ನು ಶಾಲೆಯ ಕಾಂಪೌಂಡಿನ ಒಳಗೇ ಅಭ್ಯಾಸ ಮಾಡಿಸುತ್ತೇನೆ. ನಲ್ಲಿಯ ಹತ್ತಿರ ಹತ್ತು ನಿಮಿಷ ನಿಲ್ಲಿಸಿ ಬರೆಯಲು ಹೇಳುತ್ತೇನೆ. ‘ನಲ್ಲಿ ಸೋರಿ ನೀರು ವ್ಯರ್ಥವಾಗುತ್ತಿದೆ’ ಅಂತ ‘ಕಂಡದ್ದು’ ಕಾಲಂನಲ್ಲಿ ಬರೆಯುತ್ತಾರೆ. ನಿಮಿಷಕ್ಕೆ ಎಷ್ಟು ಹನಿ ಬೀಳುತ್ತಿದೆ ಅನ್ನುವುದು ಕಂಡದ್ದು. ವ್ಯರ್ಥ ಅನ್ನುವುದು ಅಂದುಕೊಂಡದ್ದು, ಯಾಕಂದರೆ ಆ ನೀರು ಪಕ್ಕದ ನುಗ್ಗೆ ಗಿಡಕ್ಕೆ ಹೋಗುತ್ತಿದೆ. ಇದೊಂದು ವ್ಯತ್ಯಾಸ ತಲೆಗೆ ಹೋಗಲು ಮೂರ್ನಾಲ್ಕು ಸಲ ಬೇಕು. ಹೋದ ಮೇಲೆ ಮಕ್ಕಳ ಬರವಣಿಗೆಯೇ ಬದಲಾಗುತ್ತದೆ.

ಹೋದ ವರ್ಷ ಹೂಳಿನ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ, ಮಾತು ಕಡಿಮೆ. ಕೆರೆಯ ಅಂಚಿನಲ್ಲಿ ಒಣಗಿ ಬಿರುಕು ಬಿಟ್ಟ ಜಾಗದಲ್ಲಿ ಪೈಪು ಇಳಿಸಿದ್ದರು. ಮೊದಲ ನಿಮಿಷಕ್ಕೆ ನೀರು 30 ಮಿಲಿಮೀಟರ್ ಇಳಿಯಿತು. ಎರಡನೇ ನಿಮಿಷಕ್ಕೆ 8. ಆಮೇಲೆ 3, 2, 2. ಅವನ ಊಹೆ ಹೂಳು ನೀರನ್ನು ಬಿಡುವುದೇ ಇಲ್ಲ ಅಂತ. ನನ್ನ ಹತ್ತಿರ ಓಡಿ ಬಂದು, “ಟೀಚರ್, ಮೊದಲನೇದು ತಪ್ಪಾಯ್ತು. ಹೊಡೆದು ಹಾಕಲಾ?” ಅಂತ ಕೇಳಿದ.

ನಾನು ಅವನ ಜೊತೆ ಹೋಗಿ ಕೂತೆ. ಪೈಪು ತೆಗೆದು ನೋಡಲು ಹೇಳಿದೆ. ಬಿರುಕು ಮುಚ್ಚಿಕೊಂಡಿತ್ತು. ಹೂಳಿನ ಜೇಡಿ ನೀರು ಕುಡಿದು ಉಬ್ಬಿ ಅಂಟಿಕೊಂಡಿತ್ತು. ಪಕ್ಕದಲ್ಲೇ ಒಣ ಬಿರುಕಿಗೆ ಅವನ ಬೆರಳು ಪೂರ್ತಿ ಹೋಗುತ್ತಿತ್ತು. ಅವನು ಎರಡನ್ನೂ ಮುಟ್ಟಿ ಮುಟ್ಟಿ ನೋಡಿದ. ಮೊದಲ ನೀರು ಬಿರುಕಿಗೆ ಇಳಿಯಿತು, ಆಮೇಲೆ ಜೇಡಿ ಬಾಗಿಲು ಹಾಕಿಕೊಂಡಿತು ಅಂತ ಅವನೇ ಬರೆದ, ‘ಅಂದುಕೊಂಡದ್ದು’ ಕಾಲಂನಲ್ಲಿ. ಆ 30 ಅನ್ನು ಅಳಿಸಿದ್ದರೆ ಆ ದಿನ ಆ ಮಗು ಕಂಡುಕೊಂಡದ್ದು ಯಾವುದೂ ಉಳಿಯುತ್ತಿರಲಿಲ್ಲ.

ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಬರೆಯುವುದು

ನಮ್ಮ ಮಕ್ಕಳಲ್ಲಿ ಬಹಳ ಜನರ ಮನೆಮಾತು ತೆಲುಗು. ಊರಿನ ಹಿರಿಯರೂ ತೆಲುಗಿನಲ್ಲೇ ಮಾತಾಡುತ್ತಾರೆ. ವರದಿ ಮಾತ್ರ ಕನ್ನಡದಲ್ಲಿ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ‘ಕೇಳಿದ್ದು’ ಕಾಲಂ ಕೆಡುತ್ತದೆ. ಒಬ್ಬ ತಾತ 2021ರ ನವೆಂಬರ್ ಮಳೆಯನ್ನು ನೆನೆಸಿಕೊಂಡು “ಅಲುಗು ಪಾರಿಂದಿ” ಅಂದರು. ಒಂದು ಗುಂಪು ಅದನ್ನು ‘ಕೆರೆ ಒಡೆಯಿತು’ ಅಂತ ಬರೆದುಕೊಂಡು ಬಂತು. ಅವರು ಹೇಳಿದ್ದು ಕೋಡಿ ಹೋಯಿತು ಅಂತ. ಕೋಡಿ ಹೋದರೆ ಊರೆಲ್ಲ ಪೂಜೆ ಮಾಡುತ್ತದೆ. ಕೆರೆ ಒಡೆದರೆ ಊರು ಮುಳುಗುತ್ತದೆ.

ಅಂದಿನಿಂದ ಒಂದು ಚಾರ್ಟ್ ಗೋಡೆಗೆ ಹಾಕಿದ್ದೇನೆ. ಚೆರುವು ಕೆರೆ, ಕಟ್ಟ ಏರಿ, ತೂಮು ತೂಬು, ಅಲುಗು ಕೋಡಿ. ಮಕ್ಕಳು ಮನೆಯಿಂದ ಪದ ತಂದು ಸೇರಿಸುತ್ತಾರೆ. ಹಿರಿಯರು ಹೇಳಿದ್ದನ್ನು ಮೊದಲು ಅವರ ಮಾತಿನಲ್ಲೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕೆಳಗೆ ಕನ್ನಡದ ಅರ್ಥ ಬರೆಯಬೇಕು ಅಂತ ನಿಯಮ ಮಾಡಿದ್ದೇನೆ.

ಪ್ರಶ್ನಾವಳಿಯನ್ನು ಹೊರಡುವ ಮುಂಚೆ ಇಬ್ಬರ ಮೇಲಾದರೂ ಪ್ರಯತ್ನಿಸಿ ನೋಡಿ. ನಾವು ‘ದಿನಕ್ಕೆ ಎಷ್ಟು ಗಂಟೆ ಮೋಟರ್ ಓಡಿಸುತ್ತೀರಿ?’ ಅಂತ ಇಟ್ಟುಕೊಂಡಿದ್ದೆವು. ನೀರು ಜಾಸ್ತಿ ಇದ್ದವರು ಜಾಸ್ತಿ ಹೊತ್ತು ಓಡಿಸುತ್ತಾರೆ ಅನ್ನುವ ಲೆಕ್ಕ. ಒಬ್ಬ ಹುಡುಗಿ ಅವರ ಚಿಕ್ಕಪ್ಪನನ್ನು ಕೇಳಿದರೆ ಅವರು, “ಕರೆಂಟ್ ಇರೋ ಅಷ್ಟು ಹೊತ್ತು ಕಣಮ್ಮ” ಅಂದರು. ಎಲ್ಲರ ಉತ್ತರವೂ ಅದೇ ಆಗಿರುತ್ತಿತ್ತು. ನಾವು ಅಳೆಯುತ್ತಿದ್ದದ್ದು ನೀರನ್ನಲ್ಲ, ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟನ್ನು. ಪ್ರಶ್ನೆ ಬದಲಾಯಿಸಿದೆವು: ‘ಮೋಟರ್ ಹಾಕಿದ ಮೇಲೆ ಎಷ್ಟು ಹೊತ್ತು ನೀರು ನಿಲ್ಲದೆ ಬರುತ್ತದೆ?’ ಅದರ ಜೊತೆ ಬೋರ್ ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಎಷ್ಟು ಇಂಚು ನೀರು. ಇಂಚು ಅಂದರೆ ಏನು ಅಂತ ಮಕ್ಕಳು ಮೊದಲೇ ತಿಳಿದುಕೊಂಡಿರಲಿ, ಬೋರ್ ಎಷ್ಟು ನೀರು ಕೊಡುತ್ತದೆ ಅನ್ನುವುದನ್ನು ರೈತರು ಇಂಚಿನಲ್ಲಿ ಹೇಳುತ್ತಾರೆ, ಲೀಟರಿನಲ್ಲಲ್ಲ.

ಉತ್ತರವನ್ನು ಬಾಯಿಗೆ ಹಾಕುವ ಪ್ರಶ್ನೆ ಬೇಡ. ‘ಕೆರೆ ತುಂಬಿದ ಮೇಲೆ ನಿಮ್ಮ ಬೋರ್‌ನಲ್ಲಿ ನೀರು ಜಾಸ್ತಿ ಆಯ್ತಲ್ವಾ?’ ಅಂತ ಮಗು ಕೇಳಿದರೆ ಯಾವ ಹಿರಿಯರಾದರೂ ಪ್ರೀತಿಗೆ ಹೌದಮ್ಮ ಅಂದೇ ಅನ್ನುತ್ತಾರೆ. ಯಾರನ್ನು ಕೇಳಬೇಕು ಅನ್ನುವುದೂ ಮೊದಲೇ ತೀರ್ಮಾನವಾಗಲಿ. ಕೆರೆಯಿಂದ ಊರಾಚೆಗೆ ಹೋಗುವ ದಾರಿಯಲ್ಲಿ ಪ್ರತಿ ಐದನೇ ಹೊಲ ಅಂತ ಇಟ್ಟುಕೊಂಡರೆ ಬರೀ ಮಾವಂದಿರನ್ನೇ ಕೇಳಿಕೊಂಡು ಬರುವುದು ತಪ್ಪುತ್ತದೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಸಂಸ್ಕರಿಸಿದ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಇದರ ಬಗ್ಗೆ ಊರಿನಲ್ಲಿ ಎಲ್ಲರಿಗೂ ಗಟ್ಟಿ ಅಭಿಪ್ರಾಯ ಇದೆ, ಒಳ್ಳೆಯದು ಅನ್ನುವವರೂ ಇದ್ದಾರೆ, ಕೆಟ್ಟದ್ದು ಅನ್ನುವವರೂ ಇದ್ದಾರೆ. ಮಕ್ಕಳು ಕೇಳಿಕೊಂಡು ಬರಲಿ, ಆದರೆ ಅದೆಲ್ಲ ‘ಕೇಳಿದ್ದು’ ಕಾಲಂನಲ್ಲೇ ಇರಲಿ. ಒಂದು ಬೆಳಿಗ್ಗೆಯ ಅಳತೆಯಿಂದ ಅದಕ್ಕೆ ತೀರ್ಪು ಕೊಡಲು ಬರುವುದಿಲ್ಲ.

ಜೀವಕ್ಕೆ ಸಂಬಂಧಿಸಿದ್ದು

ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ನೀರಿಗೆ ಒಂದು ಮಗುವೂ ಇಳಿಯುವಂತಿಲ್ಲ, ಕಾಲು ತೊಳೆಯುವುದಕ್ಕೂ ಇಲ್ಲ. ಮಣ್ಣು ತೆಗೆದ ಗುಂಡಿಗಳು ಕೆರೆಯೊಳಗೆ ಎಲ್ಲಿ ಬೇಕಾದರೂ ಇರಬಹುದು. ಮೇಲೆ ಮೊಣಕಾಲುದ್ದ ನೀರು ಕಾಣುತ್ತದೆ, ಮುಂದಿನ ಹೆಜ್ಜೆಗೆ ಎರಡಾಳು ಆಳ ಇರುತ್ತದೆ. ಈಜು ಬರುವ ಮಕ್ಕಳೇ ಮೊದಲು ಇಳಿಯಲು ನೋಡುತ್ತಾರೆ, ಅವರ ಮೇಲೆ ಜಾಸ್ತಿ ಕಣ್ಣಿರಲಿ. ನಾನು ಹಿಂದಿನ ದಿನ ಒಬ್ಬಳೇ ಹೋಗಿ ಇಡೀ ದಾರಿ ನಡೆದು, ಅಂಚು ಗಟ್ಟಿ ಇರುವ ಜಾಗಕ್ಕೆ ಸುಣ್ಣದ ಗುರುತು ಹಾಕಿ ಬರುತ್ತೇನೆ. ಆ ಗುರುತಿನಾಚೆ ಯಾರೂ ಹೋಗುವಂತಿಲ್ಲ. ಹೆಜ್ಜೇನು ಕಟ್ಟಿರುವ ಮರ ಇದ್ದರೆ ದಾರಿಯನ್ನೇ ಬದಲಾಯಿಸುತ್ತೇನೆ.

ಮುಖ್ಯ ಶಿಕ್ಷಕರ ಒಪ್ಪಿಗೆ, ಪೋಷಕರ ಸಹಿ, ಜೊತೆಗೆ ಇನ್ನಿಬ್ಬರು ಶಿಕ್ಷಕರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಕುಡಿಯುವ ನೀರು ಶಾಲೆಯಿಂದಲೇ, ನಮ್ಮ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಕೆಜಿಎಫ್ ಕಡೆಯ ಶಾಲೆಯವರಿಗೆ ಒಂದು ಮಾತು: 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆಗಳು, ಭೂಗೋಳಕ್ಕೆ ಒಳ್ಳೆಯ ಪಾಠ ಹೌದು, ಆದರೆ ಮಕ್ಕಳನ್ನು ಅದರ ಮೇಲೆ ಹತ್ತಿಸಬೇಡಿ. ದೂರದಿಂದ ನೋಡಿ ಚಿತ್ರ ಬರೆದರೆ ಸಾಕು.

ಆ ದಿನ, ಮತ್ತು ಅಂಕ

ಆ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಯಾರಿ ಸರಿಯಾಗಿದ್ದರೆ ನಿಮಗೆ ಅಲ್ಲಿ ಕೆಲಸ ಕಡಿಮೆ. ಎಂಟು ಗಂಟೆಗೆ ಹೊರಟು ಬಿಸಿಲೇರುವ ಮುಂಚೆ ಮುಗಿಸಿ. ಗುಂಪಿನಿಂದ ಗುಂಪಿಗೆ ನಡೆಯುತ್ತಾ ಇರಿ, ಉತ್ತರ ಹೇಳಬೇಡಿ. ‘ಇದು ಯಾವ ಕಾಲಂ?’ ಅಂತ ಮಾತ್ರ ಕೇಳಿ. ಹೊರಡುವ ಮುಂಚೆ ಪ್ರತಿ ನೋಟ್‌ಬುಕ್ಕಿನ ಕೊನೆಯ ಸಾಲಿನ ಕೆಳಗೆ ನಿಮ್ಮ ಸಹಿ, ತಾರೀಖು ಹಾಕಿ. ಆ ಸಹಿಯ ಕೆಳಗೆ ಆಮೇಲೆ ಸೇರಿಸಿದ್ದು ಯಾವುದೂ ಲೆಕ್ಕಕ್ಕಿಲ್ಲ.

15 ಅಂಕವನ್ನು ನಾನು ಹಂಚುವುದು ಹೀಗೆ: ಪ್ರಶ್ನೆ ಮತ್ತು ಊಹೆಗೆ 2, ನೋಟ್‌ಬುಕ್ಕಿಗೆ 6, ನಕ್ಷೆ ಮತ್ತು ಗ್ರಾಫಿಗೆ 3, ತೀರ್ಮಾನಕ್ಕೆ 2, ‘ಎಲ್ಲಿ ತಪ್ಪಾಯಿತು, ಮತ್ತೆ ಮಾಡಿದರೆ ಹೇಗೆ ಮಾಡುತ್ತೇನೆ’ ಅನ್ನುವುದಕ್ಕೆ 2. ಇದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದು, ಮೂರು ವಾರವೂ ಅಳಿಸದೆ ಬಿಡುತ್ತೇನೆ. ಅಕ್ಷರ ದುಂಡಗಿದ್ದರೆ, ಬಣ್ಣದ ಬಾರ್ಡರ್ ಹಾಕಿದ್ದರೆ ಅಂಕ ಇಲ್ಲ. ಬೈಂಡಿಂಗಿಗೆ ದುಡ್ಡು ಖರ್ಚು ಮಾಡಬೇಡಿ ಅಂತ ಪೋಷಕರಿಗೂ ಹೇಳಿ ಕಳಿಸುತ್ತೇನೆ.

ಕಾಪಿ ತಪ್ಪಿಸಲು ನನಗೆ ಸಿಕ್ಕ ದಾರಿ ಒಂದೇ. ಅಳತೆಗಳು ಗುಂಪಿಗೆಲ್ಲ ಸೇರಿದ್ದು, ಹಂಚಿಕೊಳ್ಳಲಿ. ತೀರ್ಮಾನವನ್ನು ಮಾತ್ರ ಶಾಲೆಯಲ್ಲೇ, ಒಂದು ಪೀರಿಯಡ್ಡಿನಲ್ಲಿ, ಬರೀ ಆ ನೋಟ್‌ಬುಕ್ ಮುಂದಿಟ್ಟುಕೊಂಡು ಒಬ್ಬೊಬ್ಬರೇ ಬರೆಯಬೇಕು. ಮೊದಲ ಸಾಲಿನಲ್ಲಿ ಒಂದು ಸಂಖ್ಯೆ ಇರಲೇಬೇಕು, ತಾವು ಅಳೆದದ್ದು. ಈ ಒಂದು ನಿಯಮ ಬಂದ ಮೇಲೆ ‘ಬರಪೀಡಿತ ಜಿಲ್ಲೆಯಾಗಿದೆ’ ನಿಂತುಹೋಯಿತು. ಈಗ ಬರುವ ಸಾಲುಗಳು ಇಂಥವು: ‘ನಾವು ಅಳೆದ ಕಾಲುವೆ ಶುರುವಿನಲ್ಲಿ 11 ಹೆಜ್ಜೆ ಅಗಲ, ಲೇಔಟಿನ ಹತ್ತಿರ 3 ಹೆಜ್ಜೆ.’

ಹತ್ತಿರದಲ್ಲಿ ಕೆರೆ ಇಲ್ಲದವರು ಬೇರೆ ಜಾಗ ಹುಡುಕಿಕೊಳ್ಳಬಹುದು. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಒಂದು ಗಂಟೆಗೆ ಎಷ್ಟು ಗಾಡಿ, ಯಾವ ಯಾವ ರಾಜ್ಯದ ನಂಬರು ಅಂತ ಎಣಿಸಬಹುದು. ಬೆಲೆ ಕೇಳಿದರೆ 15 ಕೆ.ಜಿ. ಬಾಕ್ಸಿಗೆ ಹೇಳುತ್ತಾರೆ, ಕೆ.ಜಿ.ಗೆ ಅಂತ ಬರೆದುಕೊಳ್ಳದಂತೆ ನೋಡಿಕೊಳ್ಳಿ. ಶ್ರೀನಿವಾಸಪುರದವರಿಗೆ ಮಾವಿನ ತೋಪು ಇದೆ, ಶಿಡ್ಲಘಟ್ಟದವರಿಗೆ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ. ಮೂರು ಕಾಲಂ ಎಲ್ಲ ಕಡೆಯೂ ನಡೆಯುತ್ತದೆ.

ನೋಟ್‌ಬುಕ್ಕುಗಳನ್ನು ಅಂಕ ಕೊಟ್ಟ ಮೇಲೆ ನಾನು ವಾಪಸ್ ಕೊಡುವುದಿಲ್ಲ, ಮಕ್ಕಳ ಒಪ್ಪಿಗೆ ಕೇಳಿ ಬೀರುವಿನಲ್ಲಿ ಇಡುತ್ತೇನೆ. ಪೈಪು ಇಳಿಸಿದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಸಿದ್ದೇನೆ: ಕೋಡಿಯ ಕಲ್ಲಿನಿಂದ 40 ಹೆಜ್ಜೆ, ಬೇವಿನ ಮರದ ಕಡೆಗೆ. ಮುಂದಿನ ವರ್ಷದ ಮಕ್ಕಳು ಅದೇ ಜಾಗದಲ್ಲಿ ಅಳೆಯುತ್ತಾರೆ. ಈ ಸಲದ ಗುಂಪೊಂದು ಈಗಾಗಲೇ ಬಂದು ಆ ಹುಡುಗನ ನೋಟ್‌ಬುಕ್ ಕೇಳಿತು. ಮೊದಲ ನಿಮಿಷಕ್ಕೆ 30 ಬಂದ ಜಾಗದಲ್ಲಿ ತಮಗೆ ಎಷ್ಟು ಬರುತ್ತದೆ ಅಂತ ಅವರು ನೋಡಬೇಕಂತೆ.